ಒಂದು ಗೇಣು ಟೇಪು

ಮೈಲಾಪೂರಿನ ಕೊಳದ ಹಿಂದಿನ ಸಂದಿಯಲ್ಲಿ, ಹೂ ಕಟ್ಟುವ ಸರಸಳ ಕಟ್ಟೆಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ ದಾಕ್ಷಾಯಿಣಿಯ ಅಂಗಡಿ. ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊರಗೇ ಕಾಯಬೇಕು, ಅಷ್ಟು ಕಿರಿದು. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿಕೊಡುವುದು ಅವಳ ಕೆಲಸ. ಕಡಲ ಗಾಳಿ ಕುಡಿದ ಕ್ಯಾಸೆಟ್ಟುಗಳು ಅವಳ ಕೈಗೆ ಬರುವ ಹೊತ್ತಿಗೆ ಒಳಗೆಲ್ಲ ಬೂಷ್ಟು ಹಿಡಿದಿರುತ್ತಿದ್ದವು, ಸುರುಳಿಗೆ ಯಾರೋ ವಿಭೂತಿ ಬಳಿದ ಹಾಗೆ. ಅವಳು ತಿರುಪು ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಮುಚ್ಚಿ, ಮೆಷಿನ್ನಿಗೆ ಹಾಕುವ ಮೊದಲು ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಗುಂಡಿ ಒತ್ತುತ್ತಿದ್ದಳು. ಈ ಕ್ರಮ ಎಂದೂ ತಪ್ಪುವ ಹಾಗಿರಲಿಲ್ಲ. ‘ಹೆಂಗ ಐತೋ ನೋಡೋಣು’ ಎಂದು ಸುಮ್ಮನೆ ಒಂದು ಸಲ ಓಡಿಸಿ ನೋಡುವಂತಿಲ್ಲ, ನಡುವೆ ನಿಲ್ಲಿಸುವಂತಿಲ್ಲ, ಹಿಂದಕ್ಕೆ ಸುತ್ತುವಂತಿಲ್ಲ.

“ಹಳೇ ಟೇಪು ಒಂದs ಸಲ ಬಾಯಿ ತೆಗೀತೈತಿ. ಆವಾಗs ಕೇಳಿಕೋಬೇಕು,” ಅನ್ನುತ್ತಿದ್ದವನು ಅವಳ ಗಂಡ ರವಿಶಂಕರ್.

ರವಿಶಂಕರನ ತಂದೆ ಶಾಂತವೀರಪ್ಪನವರು ಗದಗಿನ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿ ತಂದು ಮದ್ರಾಸಿನಲ್ಲಿ ಮಾರುತ್ತಾ ಮಾರುತ್ತಾ ಇಲ್ಲೇ ನಿಂತವರು. ಮಗನಿಗೆ ಮೆಣಸಿನಕಾಯಿಯ ಘಾಟು ಆಗಿಬರಲಿಲ್ಲ. ಸೀನಿ ಸೀನಿ ಸಾಕಾಗಿ ವಿಡಿಯೋ ಕ್ಯಾಮೆರಾ ಹೆಗಲಿಗೇರಿಸಿದ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಮದುವೆಯಾಗಿ ಬಂದ ದಾಕ್ಷಾಯಿಣಿ, ಬಂದ ಮೂರನೇ ತಿಂಗಳಿಗೇ ಗಂಡನ ಜೊತೆ ಕಲ್ಯಾಣಮಂಟಪಗಳಿಗೆ ಹೋಗತೊಡಗಿದಳು. ಅವನು ಕ್ಯಾಮೆರಾ ಹಿಡಿದರೆ ಅವಳು ಲೈಟ್ ಎತ್ತಿ ಹಿಡಿಯುವುದು. ಸುಡುವ ಲೈಟು, ಕಾಲಿಗೆ ತೊಡರುವ ದಪ್ಪ ವಯರು. ಬಂದ ಹೆಂಗಸರೆಲ್ಲ ಮದುಮಗಳನ್ನು ಬಿಟ್ಟು ಇವಳನ್ನೇ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ. ತೆಗೆದ ವಿಡಿಯೋದಲ್ಲಿ ಮಕ್ಕಳ ಅಳು, ಪುರೋಹಿತರ ಸಿಡುಕು, ‘ರಸಂ ಎಲ್ಲಿ’ ಎಂಬ ಕೂಗು ಎಲ್ಲ ಇರುತ್ತಿತ್ತು. ಅವೆಲ್ಲಕ್ಕಿಂತ ಜೋರಾಗಿ ಕೇಳುತ್ತಿದ್ದದ್ದು ಕ್ಯಾಮೆರಾದ ಹಿಂದಿನ ರವಿಶಂಕರನ ದನಿ: “ಇಂಗ ಪಾರುಂಗ ಸಾರ್! ಮಾಮಿ, ಕೊಂಚಂ ಸಿರಿಂಗ!” ಇತ್ತ ನೋಡಿ, ಸ್ವಲ್ಪ ನಗಿ. ಆ ಸದ್ದೆಲ್ಲ ತೆಗೆದು ಮೇಲೆ ನಾದಸ್ವರ ಕೂಡಿಸುವುದು ದಾಕ್ಷಾಯಿಣಿಯ ಪಾಲಿನ ಕೆಲಸ. ಎರಡೇ ತಿಂಗಳಲ್ಲಿ ಅವಳ ಕೈ ಪಳಗಿತು.

“ಗಂಡನ ಬಾಯಿ ಮುಚ್ಚಸೋದ್ರಾಗ ನಿನ್ನಂಥಾ ಜಾಣಿ ಈ ಊರಾಗ ಇಲ್ಲ ನೋಡು,” ಎಂದು ಅವನು ನಗುತ್ತಿದ್ದ.

“ಟೀವ್ಯಾಗರೆ ಮುಚ್ಚಲಿ. ಮನ್ಯಾಗಂತೂ ಮುಚ್ಚೂದಿಲ್ಲ,” ಎಂದು ಇವಳು ತಿರುಗಿಸಿ ಕೊಡುತ್ತಿದ್ದಳು.

ಎರಡು ಸಾವಿರದ ನಾಲ್ಕರ ಆಡಿ ತಿಂಗಳಲ್ಲಿ ಅವನಿಗೆ ಕಾಮಾಲೆ ಬಂತು. ಮುಹೂರ್ತಗಳಿಲ್ಲದ ತಿಂಗಳು, ಮಲಗಿ ಸುಧಾರಿಸಿಕೊಳ್ಳುತ್ತೇನೆ ಎಂದ. ಹದಿನಾಲ್ಕನೇ ದಿನ ಹೋಗಿಯೇಬಿಟ್ಟ. ಮಗಳು ಅಕ್ಷಯಾಗೆ ಆಗ ಒಂದೂವರೆ ವರ್ಷ. ದಾಕ್ಷಾಯಿಣಿ ಕ್ಯಾಮೆರಾ ಮಾರಿದಳು, ಮೆಷಿನ್ನು ಇಟ್ಟುಕೊಂಡಳು. ಅತ್ತೆ ನೀಲಗಂಗಮ್ಮ ಮೊಮ್ಮಗಳನ್ನು ಕಂಕುಳಿಗೆತ್ತಿಕೊಂಡು, “ನೀ ಹೋಗು, ಇದನ್ನ ನಾ ನೋಡ್ಕೋತೀನಿ,” ಎಂದರು. ತ್ರಿಪ್ಲಿಕೇನಿನ ಮನೆಯಿಂದ ಮೈಲಾಪೂರಿನ ಅಂಗಡಿಗೆ, ಮೇಲ್ಸೇತುವೆಯ ರೈಲಿನಲ್ಲಿ, ಊಟದ ಡಬ್ಬಿ ಹಿಡಿದು ಹೋಗಿಬರುವುದು ಶುರುವಾದದ್ದು ಹಾಗೆ.

ಅಕ್ಷಯಾಗೆ ನಾಲ್ಕು ತುಂಬಿದ ಮೇಲೆ ಒಂದು ದಿನ ತಲೆ ಬಾಚಿಸಿಕೊಳ್ಳುತ್ತಾ ಕೇಳಿದಳು: “ಅಮ್ಮಾ, ಅಪ್ಪಾ ಎಪ್ಪಡಿ ಪೇಸುವಾರು?” ಅಪ್ಪ ಹೇಗೆ ಮಾತಾಡುತ್ತಿದ್ದರು?

ಬಾಚಣಿಗೆ ಹಾಗೇ ನಿಂತಿತು. ಮುಖ ತೋರಿಸಲು ಗೋಡೆಯ ಮೇಲೆ ಫೋಟೋ ಇತ್ತು. ದನಿ ತೋರಿಸಲು ಏನಿದೆ? ಅಲಮಾರದಲ್ಲಿದ್ದ ಮದುವೆಯ ಕ್ಯಾಸೆಟ್ಟುಗಳನ್ನೆಲ್ಲ ಅವಳು ಒಂದೊಂದಾಗಿ ಓಡಿಸಿದಳು. ಎಲ್ಲದರಲ್ಲೂ ನಾದಸ್ವರ. ತಾನೇ ಕೂಡಿಸಿದ್ದು. ಸದ್ದು ತೆಗೆಯುವ ಮೊದಲಿನ ಮೂಲ ಕ್ಯಾಸೆಟ್ಟುಗಳೋ, ಒಂದರ ಮೇಲೆ ಮತ್ತೊಂದು ಮದುವೆ ತೆಗೆದು ಸವೆದುಹೋಗಿದ್ದವು. ಈ ಕಸುಬಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ ಅದು. ಹಳೆಯ ಗಿರಾಕಿಗಳನ್ನು ಕೇಳಿದಳು, ಯಾರ ಹತ್ತಿರವೂ ಇರಲಿಲ್ಲ.

“ನನ್ನ ಮಗ ಊರ ಮಂದೀನೆಲ್ಲಾ ಟೀವ್ಯಾಗ ಕುಂಡ್ರಿಸಿದ. ತಾನೊಬ್ಬ ಕುಂಡ್ರಲಿಲ್ಲ,” ಎಂದು ನೀಲಗಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಎರಡು ಸಾವಿರದ ಒಂಬತ್ತರ ದೀಪಾವಳಿ ಕಳೆದು, ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ಅಂಬುಜಾ ಮಾಮಿ ಅಂಗಡಿಯ ಮೆಟ್ಟಿಲಲ್ಲಿ ಕೊಡೆ ಮಡಚಿದರು. ಮೂರು ತಲೆಮಾರಿನಿಂದ ಮೈಲಾಪೂರಿನಲ್ಲೇ ಇರುವ ಮಾಧ್ವರ ಮನೆಯವರು. ಅವರ ಮಗ ಸತ್ಯಾತ್ಮನ ಮುಂಜಿಗೆ ಏಳು ವರ್ಷದ ಹಿಂದೆ ವಿಡಿಯೋ ತೆಗೆದವನು ರವಿಶಂಕರನೇ. ದಾಕ್ಷಾಯಿಣಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮಾಮಿ ಹೊಸ ಕ್ಯಾಸೆಟ್ಟುಗಳನ್ನು ತಾವೇ ಕೊಂಡುತಂದು, “ಹಳೇ ಟೇಪಿನ ಮೇಲೆ ವಿಡಿಯೋ ಎತ್ತಕೂಡದು. ಕತ್ತರಿಸಕೂಡದು. ಪಾಟು ಗೀಟು, ನಾದಸ್ವರ ಏನೂ ಸೇರಿಸಕೂಡದು. ಮಂತ್ರ ಕೇಳಬೇಕು, ನಿನ್ನ ಗಲಾಟೆ ಅಲ್ಲ. ಬಾಯಿ ತೆಗೆದೆಯೋ, ಆಚೆ ಕಳಿಸ್ತೀನಿ,” ಎಂದು ರವಿಶಂಕರನಿಗೆ ಎಚ್ಚರಿಕೆ ಕೊಟ್ಟಿದ್ದರು. ಪಾಪ, ಅವನು ಇಡೀ ದಿನ ಮೂಗನ ಹಾಗೆ ಕೈಸನ್ನೆಯಲ್ಲೇ ಕೆಲಸ ಮಾಡಿದ್ದ. ಹುಡುಕುವಾಗ ಇವಳು ಮಾಮಿಯನ್ನು ಕೇಳದೆ ಬಿಟ್ಟದ್ದು ಅದಕ್ಕೇ.

“ಏನಮ್ಮಾ ದಾಕ್ಷಾಯಿಣಿ, ಈ ಸಂದಿಯಲ್ಲಿ ನಿನ್ನನ್ನ ಕಂಡುಹಿಡಿಯೋದರೊಳಗೆ ನನ್ನ ಪ್ರಾಣ ಹೋಯಿತು, ಪೋ!” ಮಾಮಿ ಪ್ಲಾಸ್ಟಿಕ್ ಚೀಲದಿಂದ ಒಂದು ಕ್ಯಾಸೆಟ್ ತೆಗೆದರು. “ಈಗ ಬ್ಲೂ-ರೇ ಅಂತ ಏನೋ ಬಂದಿದೆಯಂತಲ್ಲ. ನಮ್ಮ ಸತ್ಯಾತ್ಮ ಸಿನಿಮಾ ಎಲ್ಲಾ ಅದರಲ್ಲೇ ನೋಡಬೇಕು ಅಂತಾನೆ. ಇದನ್ನೂ ಅದರಲ್ಲೇ ಹಾಕಿಕೊಡು. ಕ್ವಾಲಿಟಿ ಒಂದು ಚೂರೂ ಕಮ್ಮಿ ಆಗಕೂಡದು.”

“ಮಾಮಿ, ನೀರು ಹಾಲನ್ನ ಬೆಳ್ಳಿ ಲೋಟಾಕ್ಕ ಹಾಕಿದ್ರ ಗಟ್ಟಿ ಆಗ್ತೈತೇನ್ರೀ? ಟೇಪಿನ್ಯಾಗ ಎಷ್ಟೈತೋ ಅಷ್ಟs ಬರೂದು. ಅಷ್ಟನ್ನ ಒಂದು ಹನಿ ಚೆಲ್ಲಧಂಗ ಡಿವಿಡಿಗೆ ಇಳಿಸಿಕೊಡ್ತೀನಿ.”

“ಚೆಲ್ಲದೆ ಇದ್ದರೆ ಸರಿ.” ಮಾಮಿಯ ದನಿ ತಗ್ಗಿತು. “ಕೊನೇಲಿ ನಮ್ಮಮ್ಮ ಆರತಿ ಹಾಡು ಹೇಳಿದಾರೆ. ಅಮ್ಮ ಹೋಗಿ ಈ ಕಾರ್ತೀಕಕ್ಕೆ ಮೂರು ವರ್ಷ. ಬೇರೆ ಏನು ಹೋದರೂ ಪರವಾಯಿಲ್ಲೆ, ಅದೊಂದು ಬೇಕು.”

ಮಾಮಿ ಹೋದ ಮೇಲೆ ದಾಕ್ಷಾಯಿಣಿ ಕ್ಯಾಸೆಟ್ ಬಿಚ್ಚಿದಳು. ಬೂಷ್ಟು ಹೆಚ್ಚೇ ಇತ್ತು, ಸುರುಳಿ ಅಲ್ಲಲ್ಲಿ ಅಂಟಿಕೊಂಡಿತ್ತು. ಅರ್ಧ ದಿನ ಕೂತು ಒರೆಸಿದಳು. ಮಧ್ಯಾಹ್ನ ಡಬ್ಬಿಯ ಮೊಸರನ್ನ ತಿಂದು, ಕೈ ತೊಳೆದು, ರೆಕಾರ್ಡಿಂಗ್ ಗುಂಡಿ ಒತ್ತಿ ಟೇಪು ಓಡಿಸಿದಳು. ಮಂಟಪ, ಮಂತ್ರ, ತಲೆ ಬೋಳಿಸಿಕೊಂಡ ಸತ್ಯಾತ್ಮ. ಮಗ್ಗುಲಲ್ಲಿ ಸರಸ ಯಾರೊಂದಿಗೋ ಮಲ್ಲಿಗೆಯ ಮೊಳಕ್ಕೆ ಜಗಳವಾಡುತ್ತಿದ್ದಳು. ದಾಕ್ಷಾಯಿಣಿ ಕವರಿನ ಮೇಲೆ ಮಾಮಿಯ ಹೆಸರು ಬರೆಯುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಒಂದಿಷ್ಟು ಹೊತ್ತು ಮಂತ್ರ ನಿಂತಿತು, ಪುರೋಹಿತರು ನೀರು ಕುಡಿಯುತ್ತಿದ್ದರು. ಆ ಬಿಡುವಿನಲ್ಲಿ, ಮೈಕಿಗೆ ತೀರಾ ಹತ್ತಿರದಿಂದ, ಪಿಸುದನಿಯೊಂದು ಬಂತು.

“ದಾಕ್ಷಾ, ಲೈಟ್ ಸ್ವಲ್ಪ ಎತ್ತಿ ಹಿಡಿ. ಕೈ ನೋ—”

ಐದು ವರ್ಷವಾಗಿತ್ತು ಆ ದನಿ ಕೇಳಿ. ಅವಳನ್ನು ದಾಕ್ಷಾ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಅವಳ ಬೆರಳು ಅವಳನ್ನು ಕೇಳಲಿಲ್ಲ, ಹೋಗಿ ಹಿಂದಕ್ಕೆ ಸುತ್ತುವ ಗುಂಡಿಯನ್ನು ಒತ್ತಿತು. ಆ ಒಂದು ಹೆಸರನ್ನು ಇನ್ನೊಂದು ಸಲ ಕೇಳಬೇಕಿತ್ತು, ಅಷ್ಟೇ. ಮಾತು ಮುಗಿಯುವ ತನಕವೂ ಕಾಯಲಿಲ್ಲ.

ಮೆಷಿನ್ನು ಒಮ್ಮೆ ಮುಲುಗಿತು. ಒಳಗೆ ಕರಕರ ಎಂದು ಸದ್ದಾಯಿತು, ಪರದೆಯ ತುಂಬ ಬಿಳಿ ಗೆರೆಗಳು ಬಂದವು. ಅವಳು ತಂತಿ ಕಿತ್ತಳು. ಮುಚ್ಚಳ ತೆಗೆದು ನೋಡಿದರೆ ಟೇಪು ಉರುಳೆಗೆ ಸುತ್ತಿಕೊಂಡು ಮುದುಡಿ, ಲಂಗದ ನೆರಿಗೆಯ ಹಾಗೆ ಮಡಿಕೆ ಬಿದ್ದಿತ್ತು.

ಬಿಡಿಸಿ ಬಿಡಿಸಿ ಹೊರಗೆ ತೆಗೆಯಲು ಸಂಜೆಯಾಯಿತು. ಹಾಳಾದದ್ದು ಹೆಚ್ಚೇನಲ್ಲ, ಅಳೆದರೆ ಒಂದು ಗೇಣು. ಓಡಿಸಿದರೆ ಎಂಟು ಸೆಕೆಂಡಿನ ಟೇಪು. ರವಿಶಂಕರನ ಮಾತಿನ ಉಳಿದರ್ಧ ಇದ್ದದ್ದು ಅದರಲ್ಲೇ. ಅದಕ್ಕೂ ಮುಂದಿನ ಸುರುಳಿಯಲ್ಲಿ ಮಾಮಿಯ ಅಮ್ಮನ ಆರತಿ ಹಾಡು.

ಬೆರಳಿನಿಂದ ತೀಡಿ ಸಪಾಟು ಮಾಡಿ ಹಾಗೇ ಇನ್ನೊಮ್ಮೆ ಓಡಿಸಿದರೆ? ಒಂದೇ ಒಂದು ಸಲ. ಓಡಿದರೂ ಓಡೀತು. ಓಡದಿದ್ದರೆ ಈ ನೆರಿಗೆ ಮತ್ತೆ ಉರುಳೆಗೆ ಸಿಕ್ಕಿ, ಮುಂದಿನ ಸುರುಳಿಯನ್ನೂ ಎಳೆದುಕೊಂಡು ಹರಿದೀತು. ಆಗ ಹಾಡು ಹೋಗುತ್ತದೆ. ಅವಳು ಕ್ಯಾಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಅದು ಅವಳ ಕ್ಯಾಸೆಟ್ ಅಲ್ಲ. ಅವನಿದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯೋಚಿಸುವ ಅಗತ್ಯವೂ ಇರಲಿಲ್ಲ, ಕತ್ತರಿ ಎಲ್ಲಿಟ್ಟಿದ್ದೀ ಎಂದು ಕೇಳುತ್ತಿದ್ದ.

ಕತ್ತರಿ ತೆಗೆದುಕೊಂಡಳು. ನೆರಿಗೆಯ ಈ ತುದಿಯಲ್ಲೊಂದು, ಆ ತುದಿಯಲ್ಲೊಂದು. ಉಳಿದ ಎರಡು ಕೊನೆಗಳನ್ನು ಜೋಡಿಸಿ, ಹಿಂಬದಿಗೆ ಅಂಟುಪಟ್ಟಿ ಹಚ್ಚಿ, ಉಗುರಿನಿಂದ ತೀಡಿದಳು. ಉರುಳೆಯನ್ನು ಒರೆಸಿ ಮತ್ತೆ ಓಡಿಸಿದಳು. ಈ ಸಲ ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದಳು. ಟೇಪು ಕೊನೆಯವರೆಗೆ ಓಡಿತು. ಮಾಮಿಯ ಅಮ್ಮ ನಡುಗುವ ದನಿಯಲ್ಲಿ ಪೂರ್ತಿ ಐದು ನುಡಿ ಹಾಡಿದರು.

ಕತ್ತರಿಸಿದ ಗೇಣು ಟೇಪನ್ನು ಅವಳು ಬಿಡಲಿಲ್ಲ. ಮಾರನೇ ದಿನ ಕೆಲಸಕ್ಕೆ ಬಾರದ ಬೇರೊಂದು ಕ್ಯಾಸೆಟ್ಟಿಗೆ ಅದನ್ನು ಜೋಡಿಸಿ ಓಡಿಸಿದಳು. ಬರೀ ಭರ್ ಎಂಬ ಸದ್ದು. ಈ ಟೇಪುಗಳಲ್ಲಿ ಸದ್ದು ಇರುವುದು ಅಂಚಿನಲ್ಲಿ, ನೆರಿಗೆ ಬಿದ್ದದ್ದೂ ಅಂಚೇ. ಮಡಿಕೆ ಬಿದ್ದಲ್ಲೆಲ್ಲ ಕಂದು ಪುಡಿ ಉದುರಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತಿತ್ತು.

ಅಂಬುಜಾ ಮಾಮಿ ಡಿವಿಡಿಗೆ ಬಂದಾಗ ಅವಳು ಮುಚ್ಚಿಡಲಿಲ್ಲ.

“ಮಾಮಿ, ನನ್ನ ಕಡೆಯಿಂದ ಒಂದು ತಪ್ಪಾತು. ನಡುವ ಒಂದು ಗೇಣು ಕತ್ತರಿಸಬೇಕಾತು.”

“ಅಯ್ಯೋ! ಹಾಡು?”

“ಹಾಡು ಪೂರಾ ಐತ್ರೀ. ಹೋದದ್ದು ಪುರೋಹಿತ್ರು ನೀರು ಕುಡಿಯೋದಷ್ಟs.”

“ಅವರು ನೀರು ಕುಡಿದರೆಷ್ಟು, ಕಾಫಿ ಕುಡಿದರೆಷ್ಟು! ಅದಕ್ಕೆ ಯಾಕಮ್ಮಾ ಮುಖ ಇಷ್ಟು ಸಣ್ಣ ಮಾಡ್ಕೊಂಡಿದೀಯ?”

“ಅಲ್ಲೆ ನಮ್ಮನಿಯವರು ಒಂದು ಮಾತು ಆಡಿದ್ರು, ಮಾಮಿ. ಅವರ ದನಿ ಮತ್ತೆಲ್ಲೂ ಇಲ್ಲ.”

ಮಾಮಿ ಡಿವಿಡಿಯನ್ನು ಚೀಲಕ್ಕೆ ಹಾಕಲು ಹೋದವರು ಹಾಗೇ ನಿಂತರು. “ಬಾಯಿ ತೆಗೆಯಕೂಡದು ಅಂತ ನಾನೇ ಅಂದಿದ್ದೆ,” ಎಂದರು. ಸರಸಳ ಹತ್ತಿರ ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಬಂದು ಮೇಜಿನ ಮೇಲಿಟ್ಟರು. “ಕೂಸಿಗೆ ಮುಡಿಸು,” ಎಂದು ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಹೋದರು.

ಆ ಭಾನುವಾರ, ಊಟವಾದ ಮೇಲೆ, ದಾಕ್ಷಾಯಿಣಿ ಮಗಳನ್ನು ಟೀವಿಯ ಮುಂದೆ ಕೂರಿಸಿ, ಕಂಪ್ಯೂಟರಿನಲ್ಲಿ ಉಳಿದಿದ್ದಷ್ಟನ್ನು ಹಾಕಿದ ಡಿಸ್ಕ್ ಓಡಿಸಿದಳು. ನೀಲಗಂಗಮ್ಮ ಗೋಡೆಗೆ ಒರಗಿ ಕೂತಿದ್ದರು. ಮಗನ ಪಿಸುದನಿ ಬಂದ ಕೂಡಲೇ ಎದ್ದು ಅಡುಗೆಮನೆಗೆ ಹೋದರು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು, ಪಾತ್ರೆಯ ಸದ್ದು ಕೇಳಲಿಲ್ಲ.

“ಅಪ್ಪಾವಾ?” ಎಂದಳು ಅಕ್ಷಯಾ.

“ಹೂಂ.”

“ತಿರುಪ್ಪಿ ಪೋಡು.”

ಮತ್ತೆ ಹಾಕಿದಳು. ಡಿಸ್ಕಿಗೆ ಆ ಭಯವಿರಲಿಲ್ಲ, ಎಷ್ಟು ಸಲವಾದರೂ ತಿರುಗಿಸಬಹುದಿತ್ತು. ನಾಲ್ಕು ಸಲ ಕೇಳಿದ ಮೇಲೆ ಮಗಳು ತಿರುಗಿದಳು.

“ಕೈ ನೋ… ಅಪ್ಪುರಂ?”

“ಕೈ ನೋವಾತೇನು ಅಂತ ಕೇಳಿದ್ರು. ದಿನಾ ಕೇಳ್ತಿದ್ರು.”

“ನೀ ಎನ್ನ ಸೊನ್ನೆ?” ನೀನು ಏನು ಹೇಳಿದೆ?

“ಇಲ್ಲಾ ಅಂದೆ.”

ಅಕ್ಷಯಾ ತಾಯಿಯ ಮುಖವನ್ನೇ ನೋಡಿದಳು. “ಪೊಯ್ಯಾ?”

ಸುಳ್ಳೇ. ಆ ದಿನ ಮೂರು ತಿಂಗಳ ಬಸಿರಿ, ಬೆಳಗಿನಿಂದ ಲೈಟ್ ಹಿಡಿದು ಭುಜ ಕಳಚಿ ಬೀಳುವ ಹಾಗಾಗಿತ್ತು. ನೋವಾಗಿದೆ ಎಂದಿದ್ದರೆ ಅವನು ಕ್ಯಾಮೆರಾ ಕೆಳಗಿಟ್ಟು ಬಂದುಬಿಡುತ್ತಿದ್ದ, ಮುಹೂರ್ತ ತಪ್ಪಿಹೋಗುತ್ತಿತ್ತು.

“ಹೂಂ, ಭಾಳ ನೋವಾಗಿತ್ತು,” ಎಂದಳು ದಾಕ್ಷಾಯಿಣಿ.

“ಎಂದ ಕೈ?” ಯಾವ ಕೈ?

ಅವಳು ಬಲಗೈ ಚಾಚಿದಳು.