ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ಯಾರೇಜಿನ ಗುಂಡಿಯೊಳಗೆ ನಿಂತ ಹೆಂಗಸು ತಲೆಯ ಮೇಲಿರುವ ಟ್ಯಾಕ್ಸಿಯ ಹೊಟ್ಟೆಯನ್ನು ಬೆರಳಿಂದ ಸವರಿ, ಅಂಟಿದ್ದನ್ನು ಬಿಳಿ ಬಟ್ಟೆಗೆ ಒರೆಸುತ್ತಾಳೆ. ಕೆಂಪು. ಎಂಜಿನ್ ಆಯಿಲ್ ಆಗಿದ್ದರೆ ಕಪ್ಪಗಿರುತ್ತಿತ್ತು. ಇದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ಮೂಸುತ್ತಾಳೆ. ಸೀದ ವಾಸನೆಯಿಲ್ಲ.

“ಸದ್ಯ, ಒಳಗೆ ಇನ್ನೂ ಜೀವ ಇದೆ.”

ಈ ಟ್ಯಾಕ್ಸಿ ಬಂದಿರುವುದು ಮೂರನೆಯ ಸಲ. ಎರಡು ಸಲವೂ ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ತಡೆಯುವ ಪ್ಯಾಕಿಂಗ್ ಬದಲಾಯಿಸಿ ಕಳಿಸಿದ್ದಾರೆ. ಎರಡು ಸಲವೂ ನೆಲದ ಮೇಲೆ ಮತ್ತೆ ಕೆಂಪು ಕಲೆ. ಇವತ್ತೂ ನಿಲ್ಲದಿದ್ದರೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಡ್ರೈವರ್ ಹೇಳಿಬಿಟ್ಟಿದ್ದಾನೆ.

ಗ್ಯಾರೇಜು ಅಪ್ಪ ಕಟ್ಟಿದ್ದು. ಅಪ್ಪನ ಸೊಂಟ ಕೈಕೊಟ್ಟಾಗ ಮಗಳು ಗುಂಡಿಗಿಳಿದಳು, ಮಗ ಮೇಜಿನ ಹಿಂದೆ ಕೂತ. ಅಪ್ಪ ತೀರಿಕೊಂಡ ಮೇಲೂ ಏರ್ಪಾಡು ಹಾಗೇ ಇದೆ. ದಿನಕ್ಕೆ ಮೂರೋ ನಾಲ್ಕೋ ಸೋರುವ ಗಾಡಿ. ಅವಳ ಬೆರಳ ಸಂದುಗಳಲ್ಲಿ ಚರ್ಮ ಬಿರಿದಿದೆ. ಊಟಕ್ಕೆ ಕೂತರೆ ಉಪ್ಪು ತಾಗಿ ಉರಿಯುತ್ತದೆ. ಗಿರಾಕಿಗಳೊಡನೆ ಮಾತು ಅಣ್ಣನದು. ಗುಂಡಿಯಿಂದ ಅವಳಿಗೆ ಕಾಣುವುದು ಅವರ ಚಪ್ಪಲಿ, ಬೂಟು.

“ಸರಿಹೋದ್ರೆ ಅಣ್ಣ ನೋಡಿದ್ದು, ಕೆಟ್ರೆ ತಂಗಿ ನೋಡಿದ್ದು,” ಎಂದು ಪಕ್ಕದಲ್ಲಿ ನಿಂತ ಕೆಲಸದ ಹುಡುಗನಿಗೆ ಹೇಳಿ ನಗುತ್ತಾಳೆ. ನಗುವಿನಲ್ಲಿ ನಗು ಕಡಿಮೆ. “ಗುಂಡೀಲಿರೋಳಿಗೆ ಮರ್ಯಾದೆ ಎಲ್ಲಿಂದ ಕಾಣುತ್ತೆ ಅಂತಾರೆ ಅತ್ತಿಗೆ. ಗ್ಯಾರೇಜು ಅವನೇ ಇಟ್ಕೊಳ್ಳಲಿ. ನಾನು ನೋಡಿದ್ದನ್ನ ನಾನೇ ಹೇಳೋ ಹಾಗಾದ್ರೆ ಸಾಕು.”

ಮಾತಾಡುತ್ತಲೇ ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಗೇರ್‌ಬಾಕ್ಸನ್ನು ತೊಳೆಯುತ್ತಾಳೆ, ಒಣಗಿಸುತ್ತಾಳೆ, ಮೇಲೆಲ್ಲ ಮುಖದ ಪೌಡರು ಉದುರಿಸುತ್ತಾಳೆ.

“ತೊಟ್ಟಿಕ್ಕೋ ಜಾಗಾನೇ ಸೋರೋ ಜಾಗ ಅಲ್ಲ. ಗಾಡಿ ಓಡುವಾಗ ಗಾಳಿ ಎಣ್ಣೇನ ಹಿಂದಕ್ಕೆ ತಳ್ಳುತ್ತೆ. ಅಪ್ಪ ಹೇಳೋರು, ಮೊದ್ಲು ಮುಖ ತೊಳಿ, ಆಮೇಲೆ ಗಾಯ ಹುಡುಕು ಅಂತ.”

ಡ್ರೈವರ್ ಬ್ರೇಕ್ ಒತ್ತಿ ಹಿಡಿದು, ಅವಳು ಕೂಗಿದಂತೆ ಗೇರ್ ಬದಲಾಯಿಸುತ್ತಾನೆ. ಎಂಜಿನ್ ಬಿಸಿಯೇರುತ್ತದೆ. ಆಮೇಲೆ ಬಿಳಿ ಪೌಡರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಮೂಡುತ್ತದೆ. ಅದು ಇಳಿದು ಬರುತ್ತಿರುವುದು ಪ್ಯಾಕಿಂಗಿನಿಂದಲ್ಲ; ಎಣ್ಣೆ ತಣಿಸಲು ರೇಡಿಯೇಟರಿಗೆ ಹೋಗುವ ಪೈಪಿನ ಜೋಡಣೆಯಿಂದ. ಎಂಜಿನ್ ಆರಿಸಲು ಕೂಗಿ, ಜೋಡಣೆಯ ವಾಷರ್ ಬದಲಾಯಿಸಿ, ಪೌಡರು ಹಾಕಿ, ಮತ್ತೆ ಎಂಜಿನ್ ಹಾಕಿಸುತ್ತಾಳೆ. ಗೆರೆಯಿಲ್ಲ. “ಪೈಪಿನ ಜೋಡಣೆ. ನಿಂತಿದೆ,” ಎಂದು ಮೇಲಕ್ಕೆ ಕೂಗುತ್ತಾಳೆ.

“ಪೈಪೇ ಇರ್ಬೇಕು ಅಂತ ನಂಗೆ ಅವತ್ತೇ ಅನುಮಾನ,” ಮೇಲೆ, ಗಾಡಿಯಿಂದಿಳಿದ ಡ್ರೈವರಿಗೆ ಹೇಳುವ ಅಣ್ಣನ ದನಿ. “ಆ ಎರಡು ಸಲ ನಮ್ಮ ತಂಗಿ ನೋಡಿದ್ಳು. ಹೆಣ್ಣುಮಗಳು, ಏನೋ ಎಡವಟ್ಟು ಮಾಡಿದಾಳೆ. ಹೊಟ್ಟೆಗೆ ಹಾಕ್ಕೊಳ್ಳಿ.”

ಅವಳ ಕೈ ನಿಲ್ಲುತ್ತದೆ. ಬಟ್ಟೆಯನ್ನು ಹೆಗಲಿಗೆಸೆದು ಮೆಟ್ಟಿಲು ಹತ್ತಿ ಇಬ್ಬರ ನಡುವೆ ಬಂದು ನಿಲ್ಲುತ್ತಾಳೆ.

“ಆ ಎರಡು ಸಲ ನಾನು ಈ ಗಾಡಿ ಮುಟ್ಟಿಲ್ಲ ಅಣ್ಣ. ಕಲೆ ನೋಡೇ ಪ್ಯಾಕಿಂಗ್ ಅಂದೆ ನೀನು. ಕೆಲಸದವರ ಕೈಲಿ ಹಾಕಿಸ್ದೆ.”

ಅಣ್ಣ ಗಿರಾಕಿಯತ್ತ ನೋಡಿ ಹಲ್ಲುಕಿರಿಯುತ್ತಾನೆ. “ನೋಡಿ ಸಾರ್, ಮಾತಿಗೇನೂ ಕಮ್ಮಿ ಇಲ್ಲ.” ತಂಗಿಗೆ ತಗ್ಗಿದ ದನಿಯಲ್ಲಿ, “ಕೆಳಗೆ ಹೋಗು. ಇನ್ನೊಂದು ಗಾಡಿ ಕಾಯ್ತಿದೆ.”

ಅವಳು ಕದಲುವುದಿಲ್ಲ. ಡ್ರೈವರ್ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿ ಕೇಳುತ್ತಾನೆ: “ಅಕ್ಕಾ, ಮತ್ತೆ ಸೋರಿದ್ರೆ ಯಾರನ್ನ ಕೇಳ್ಲಿ?”

“ನನ್ನನ್ನೇ ಕೇಳಿ ಸಾರ್,” ಅಣ್ಣ ಅಡ್ಡಬಾಯಿ ಹಾಕುತ್ತಾನೆ.

“ಯಾರನ್ನೂ ಕೇಳ್ಬೇಕಾಗಿಲ್ಲ,” ಎನ್ನುತ್ತಾಳೆ ಅವಳು. “ಸೋರಲ್ಲ.”