‘ನಿಧಾನ’ದ ಅರ್ಥ ಹುಡುಕಿದ ಡಾಕ್ಟರಮ್ಮ

ಮನಸ್ಸಿನ ಕಾಯಿಲೆಗೆ ಮಂತ್ರವಾದಿಯೇ ಗತಿ ಎನ್ನುತ್ತಿದ್ದ ಕಾಲದಲ್ಲಿ, ಖಿನ್ನತೆಯ ಮಾತ್ರೆಗೂ ಹೃದಯದ ಬಡಿತಕ್ಕೂ ಇರುವ ನಂಟನ್ನು ಮಡಿಕೇರಿಯಲ್ಲಿ ಕುಳಿತೇ ಅರಸಿದವರು ಡಾ. ಕಾತ್ಯಾಯನಿಯವರು. ಈ ತಿಂಗಳು ನಿವೃತ್ತರಾದ ಅವರಿಗೆ ಸಹೋದ್ಯೋಗಿಗಳ ಗೌರವವಿದು.

ಖಿನ್ನತೆಯ ಹೊಸ ಮಾತ್ರೆ ನಮ್ಮ ಜಿಲ್ಲೆಗೆ ಬಂದ ವರ್ಷ ಕರಿಕೆ ಊರಿನ ಪೊನ್ನಪ್ಪ ತನ್ನ ಹೆಂಡತಿ ಪ್ರೇಮಾವತಿಯನ್ನು ಕರೆತಂದ. ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಆಕೆ ಅನ್ನ, ಮಾತು ಎರಡನ್ನೂ ಬಿಟ್ಟಿದ್ದಳು. ಕೆಲವು ವಾರ ಮಾತ್ರೆ ನುಂಗಿದ ಮೇಲೆ, “ಈಗ ಎಲ್ಲಾ ನಿಧಾನ ಆಗುಟು, ಡಾಕ್ಟ್ರಮ್ಮ” ಎಂದು, ಎಲ್ಲ ನಿಧಾನವಾಗಿದೆಯೆಂದು ತನ್ನ ಅರೆಭಾಷೆಯಲ್ಲಿ ಹೇಳಿದಳು. ನಿಧಾನವೆಂದರೆ ಸಮಾಧಾನವೆಂದೇ ಕಾತ್ಯಾಯನಿಯವರಿಗೆ ಕೇಳಿಸಿ, ಜೀವ ಹಗುರಾಯಿತು. ಆಕೆ ಆಸ್ಪತ್ರೆಯ ಬಾಗಿಲಲ್ಲೇ ತಲೆಸುತ್ತಿ ಕುಸಿದಾಗ ಕೈ ಹಿಡಿದು ನೋಡಿದರೆ, ಅಯ್ಯೋ ದೇವರೇ, ನಿಧಾನವಾಗಿದ್ದದ್ದು ನಾಡಿ!

ಅಂದೇ ಮಾತ್ರೆ ನಿಲ್ಲಿಸಿ, ಮೈಸೂರಿಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಿದರು. “ಈಗಷ್ಟೇ ಉಣ್ಣಲು ಶುರು ಮಾಡಿದವಳನ್ನ ಪುನಃ ಉಪವಾಸ ಹಾಕ್ತೀರಾ?” ಎಂದು ಪೊನ್ನಪ್ಪ ಜಗಳಕ್ಕೇ ನಿಂತ. ಮಾತ್ರೆಯಿಂದ ನಾಡಿ ನಿಧಾನವಾದದ್ದನ್ನು ಕಾತ್ಯಾಯನಿಯವರು ವೈದ್ಯರ ಸಭೆಯಲ್ಲಿ ಪ್ರಬಂಧವಾಗಿ ಓದಿದರೆ, “ಗುಡ್ಡ ಹತ್ತುವವರ ನಾಡಿ ಹುಟ್ಟಾ ನಿಧಾನ” ಎಂದು ಅಲ್ಲಿದ್ದವರು ನಕ್ಕರು. ವೇದಿಕೆಯಿಂದ ಇಳಿದು ಕೂತ ಇವರ ಪಕ್ಕದ ಕುರ್ಚಿಗೆ ಯಾರೂ ಬರಲಿಲ್ಲ. ಅಂಥದೇ ರೋಗಿಗಳು ಬೇರೆಡೆಯೂ ಕಂಡ ಮೇಲೆ, ನಕ್ಕವರು ಸದ್ದಿಲ್ಲದೆ ಮಾತ್ರೆಗೆ ಮೊದಲು ನಾಡಿ ನೋಡತೊಡಗಿದರು. ಇವರ ಹೆಸರನ್ನು ಮಾತ್ರ ಎತ್ತಲಿಲ್ಲ, ಬಿಡಿ.

ಪ್ರೇಮಾವತಿಯ ಬಡಿತ ಸರಿಹೋಯಿತು. ದುಃಖವೂ ಮರಳಿ ಬಂತು. “ಎದೆ ಸರಿ ಮಾಡಿದ್ರಿ. ಮಗಳಿಲ್ಲದ ಮನೇಲಿ ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?” ಎಂಬ ಆಕೆಯ ಮಾತಿಗೆ ಯಾವ ಪುಸ್ತಕದಲ್ಲೂ ಮದ್ದಿರಲಿಲ್ಲ. ಮದುವೆಯಾಗದೆ, ಕ್ವಾರ್ಟರ್ಸಿನಲ್ಲಿ ಒಬ್ಬರೇ ಉಂಡು ಒಬ್ಬರೇ ಮಲಗುತ್ತಿದ್ದ ಕಾತ್ಯಾಯನಿಯವರು ಭಾನುವಾರ ಬಂತೆಂದರೆ ಭಾಗಮಂಡಲದ ಬಸ್ಸು ಹತ್ತಿ, ಅಲ್ಲಿಂದ ಸಿಕ್ಕಿದ ಜೀಪಿನಲ್ಲಿ ಕರಿಕೆಗೆ ಹೋಗಿ, ಹಗಲಿಡೀ ಆಕೆಯ ಬಳಿ ಕೂರತೊಡಗಿದರು. ಸತ್ತ ಮಗುವಿನ ಸುದ್ದಿ ಕೇಳಲು ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ಭಾನುವಾರ ಪ್ರೇಮಾವತಿ ತನಗೂ ಬಡಿಸಿಕೊಂಡು ಅವರ ಜೊತೆ ಉಂಡಳು.

ನೂರು ವರ್ಷ ಬಾಳಿ ಎಂದು ಇಂಥ ಅಭಿನಂದನಾ ಗ್ರಂಥದಲ್ಲಿ ಬರೆಯುವುದು ಸುಲಭ. ಒಂಟಿಯಾಗಿ ನೂರು ವರ್ಷವೆಂದರೆ ಅದೂ ಒಂದು ಹಾರೈಕೆಯೇ? ಮೊನ್ನೆ ಬೀಳ್ಕೊಡುಗೆಗೆ ಬಂದಿದ್ದ ಪ್ರೇಮಾವತಿ, “ಕ್ವಾರ್ಟರ್ಸು ಬಿಟ್ಟು ಎಲ್ಲಿಗೆ ಹೋಗ್ತೀರಿ? ನಿಮಗೆ ಯಾರುಂಟು?” ಎಂದು ಡಾಕ್ಟರಮ್ಮನವರನ್ನು ಕೇಳಿದಳು.

“ಸುಮ್ಮನೆ ನಮ್ಮಲ್ಲಿಗೆ ಬನ್ನಿ. ಮಗಳ ಕೋಣೆ ಖಾಲಿಯೇ ಉಂಟು” ಎಂದು ಉತ್ತರವನ್ನೂ ಅವಳೇ ಕೊಟ್ಟಳು.

ಆ ಕೋಣೆಯಲ್ಲಿ ಅವರು ಬಹುಕಾಲ ಬಾಳಲಿ, ಬರೆಯಲಿ. ಊಟಕ್ಕೆ ಕರೆಯುವ ದನಿ ದಿನವೂ ಕೇಳಿಸಲಿ.