ಒಂದೇ ಉಸಿರಿನ ತಿಂಡಿಪಟ್ಟಿ

ಅವರ ಎಡ ಮುಂಗೈ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಬಲಗೈ ನೋಡಿದರೆ ಕರಡಿಯ ಕೈ. ಎಡಗೈ ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಎಣ್ಣೆ ಸವರಿದ ಹಾಗೆ ನುಣುಪು. ಮೂವತ್ತು ವರ್ಷ ಆ ಕೈಯ ಮೇಲೆ ಸಾಲಾಗಿ ನಾಲ್ಕು ನಾಲ್ಕು ಬಿಸಿ ತಟ್ಟೆ ಇಟ್ಟುಕೊಂಡು ಓಡಾಡಿದವರು ಅವರು. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು, ವಯಸ್ಸಾದ ಮೇಲೆ ಅಲ್ಲೇ ಬಾಗಿಲ ಬಳಿ ನಿಂತು ಯಾರನ್ನು ಯಾವ ಟೇಬಲ್ಲಿಗೆ ಕೂರಿಸಬೇಕೆಂದು ನೋಡಿಕೊಳ್ಳುತ್ತಿದ್ದರು. ನಾವು ಮಕ್ಕಳೆಲ್ಲ ಅವರನ್ನು ಸಪ್ಲೈಯರ್ ಮಾಮ ಎಂದೇ ಕರೆದೆವು. ಮಕ್ಕಳು ಮುದುಕರಾಗುತ್ತ ಬಂದರೂ ಆ ಹೆಸರು ಬದಲಾಗಲಿಲ್ಲ.

ನನ್ನ ಕನ್ನಡ ಅರ್ಧ ಮನೆಯದು, ಅರ್ಧ ಆ ಹೋಟೆಲಿನದು. ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ಅಪ್ಪನ ಜೊತೆ ಭಾನುವಾರ ಬೆಳಿಗ್ಗೆ ಹೋಟೆಲಿಗೆ ಹೋದರೆ ಮಾತ್ರ ಕಿವಿಗೆ ಕನ್ನಡದ ಸ್ನಾನ. ಅಪ್ಪ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಫಿಟರ್. ಮೂಲೆಯ ಟೇಬಲ್ಲಿನಲ್ಲಿ ಕೂತು, "ಏನುಂಟು ಇವತ್ತು?" ಎಂದು ಕೇಳುತ್ತಿದ್ದರು. ಏನುಂಟು ಎಂಬುದು ಅಪ್ಪನಿಗೆ ಗೊತ್ತಿಲ್ಲದ ವಿಷಯವೇನಲ್ಲ, ಗೋಡೆಯ ಮೇಲೆ ಬೋರ್ಡೂ ಇತ್ತು. ಆದರೆ ಮಾಮ ಅದನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಬೇಕು. "ಇಡ್ಲಿ ವಡೆ ಇಡ್ಲಿವಡೆ ಉಪ್ಪಿಟ್ಟು ಶಿರಾ ಸಾದಾ ಮಸಾಲೆ ಮೈಸೂರು ರವಾ ಸೆಟ್ಟು ಈರುಳ್ಳಿ ಉತ್ತಪ್ಪ ಪೂರಿ ಬನ್ಸು, ಗೋಳಿಬಜೆ ನಾಲ್ಕು ಗಂಟೆಗೆ." ಕೊನೆಯ 'ಗಂಟೆಗೆ' ಮುಗಿಯುವಷ್ಟರಲ್ಲಿ ಅವರು ಮುಂದಿನ ಟೇಬಲ್ಲಿನಲ್ಲಿ ಇರುತ್ತಿದ್ದರು.

ಬಾಗಿಲ ಬಳಿ ನಿಂತಾಗ ಅವರದು ಬೇರೆಯೇ ಲೆಕ್ಕ. ಬೆಳಗಿನ ಗದ್ದಲದಲ್ಲಿ ಹತ್ತು ಜನ ಕಾಯುತ್ತಿದ್ದರೆ ಮೊದಲು ಬಂದವನನ್ನೇ ಮೊದಲು ಕೂರಿಸುತ್ತಿರಲಿಲ್ಲ. ಸಾಲನ್ನೊಮ್ಮೆ ಮುಖ ಮುಖ ನೋಡಿ, ಪಾಳಿ ಮುಗಿಸಿ ಬಂದ ಕೂಲಿಯವನನ್ನೋ ಬಸುರಿಯನ್ನೋ ಒಳಗೆ ಕಳಿಸುತ್ತಿದ್ದರು. ಮುಂದೆ ನಿಂತವರು ರೇಗಿದರೆ, "ನಿಮ್ಮ ಮುಖದಲ್ಲಿ ಇನ್ನೂ ಹತ್ತು ನಿಮಿಷ ಉಂಟು ಸ್ವಾಮಿ" ಅನ್ನುತ್ತಿದ್ದರು. ಕಾಫಿ ಕುಡಿದು ಮುಗಿಸಿಯೂ ಏಳದ ನನ್ನ ಅಪ್ಪನಂಥವರಿಗೆ ಬೇರೆ ಔಷಧಿ. "ಪೇಪರ್ ಬೇಕಾದರೆ ಮನೆಗೆ ತಗೊಂಡು ಹೋಗಿ ಮಾರಾಯ್ರೆ, ಕುರ್ಚಿ ಮಾತ್ರ ಇಲ್ಲೇ ಬಿಟ್ಟು ಹೋಗಿ."

ಕೊರೊನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ ಆ ಹೋಟೆಲು ಮುಚ್ಚಿತ್ತು. ಕಲ್ಯಾಣ, ಠಾಣೆ, ವಾಶಿ, ಎಲ್ಲಿ ಫೋನ್ ಮಾಡಿದರೂ ಬೆಡ್ ಇಲ್ಲ. ನಮ್ಮ ಕನ್ನಡ ಸಂಘದವರು ಹೇಗೋ ಎರಡು ಆಕ್ಸಿಜನ್ ಮಷೀನು ತಂದಿದ್ದರು. ಕರೆಂಟಿಗೆ ಹಾಕಿದರೆ ಮನೆಯ ಗಾಳಿಯಿಂದಲೇ ಆಕ್ಸಿಜನ್ ಕೊಡುವಂಥವು. ಬೆಡ್ ಸಿಗುವವರೆಗೆ ಮನೆಯಲ್ಲೇ ಜೀವ ಹಿಡಿದುಕೊಂಡಿರಲು ಅಷ್ಟೇ ಆಸರೆ. ಮಷೀನು ಎರಡು, ಕೇಳುವವರು ಹತ್ತಾರು. ಯಾರಿಗೆ ಕೊಡಬೇಕೆಂದು ಹೇಳುವ ಕೆಲಸ ಯಾರಿಗೂ ಬೇಡ. ಕೊನೆಗೆ ಯಾರೋ, "ಜೀವಮಾನವಿಡೀ ಅದನ್ನೇ ಮಾಡಿದವರು ಒಬ್ಬರಿದ್ದಾರಲ್ಲ" ಎಂದರಂತೆ.

ಸಂಘದ ಡಾಕ್ಟರಮ್ಮ ಅವರಿಗೆ ಫೋನಿನಲ್ಲೇ ಪಾಠ ಹೇಳಿಕೊಟ್ಟರು. ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ತೊಂಬತ್ತಕ್ಕಿಂತ ಕೆಳಗೆ ಬಂದವರು ಮೊದಲು. ಮೀಟರಿನ ಮೇಲೆ ನಂಬಿಕೆ ಸಾಲದಿದ್ದರೆ ಒಂದೇ ಉಸಿರಿನಲ್ಲಿ ಮೂವತ್ತರವರೆಗೆ ಎಣಿಸಲು ಹೇಳಿ, ಎಷ್ಟಕ್ಕೆ ನಿಲ್ಲುತ್ತಾರೆಂದು ನೋಡಿ. ಮಾಮ ಮಾತ್ರ ಎಣಿಸಲು ಹೇಳಲಿಲ್ಲ. ಅಂಕಿ ಕೇಳಿದರೆ ಜನ ಪರೀಕ್ಷೆಯೆಂದು ಹೆದರಿ ತಡವರಿಸುತ್ತಾರೆ ಎಂದು ಅವರವರಿಗೆ ಬಾಯಿಪಾಠವಾಗಿದ್ದನ್ನೇ ಕೇಳುತ್ತಿದ್ದರು. ಒಬ್ಬರಿಗೆ ಮಕ್ಕಳು ಮೊಮ್ಮಕ್ಕಳ ಹೆಸರು, ಇನ್ನೊಬ್ಬರಿಗೆ ದೇವರ ನಾಮಾವಳಿ, ನನ್ನ ಅಪ್ಪನಿಗೆ ಅದೇ ತಿಂಡಿಪಟ್ಟಿ. ಎಲ್ಲವೂ ಫೋನಿನಲ್ಲೇ. ಮನೆ ಹತ್ತಿರವಿದ್ದರೂ ಹೋಗಿ ನೋಡುತ್ತಿರಲಿಲ್ಲ.

ಅಪ್ಪನ ಅಂಕಿ ಎಂಬತ್ತೆಂಟಕ್ಕೆ ಇಳಿದಾಗ ಒಂದು ಮಷೀನು ನಮ್ಮ ಮನೆಗೆ ಬಂತು. ಮೂರು ದಿನದಲ್ಲಿ ಅಪ್ಪ ಚೇತರಿಸಿಕೊಂಡರು. ನಾಲ್ಕನೆಯ ಬೆಳಿಗ್ಗೆ ಮಷೀನು ತೆಗೆದು ನೋಡಿದರೆ ತೊಂಬತ್ತೆರಡು. ಅದೇ ಹೊತ್ತಿಗೆ ಮಾಮನ ಫೋನ್ ಬಂತು.

"ಎಷ್ಟುಂಟು ಮಗಾ?"

"ಎಂಬತ್ತಾರು ಮಾಮ" ಎಂದೆ. ನಾಲಿಗೆ ಸ್ವಲ್ಪವೂ ತೊದಲಲಿಲ್ಲ.

ಅವರು, "ಅಪ್ಪನಿಗೆ ಕೊಡು" ಎಂದರು.

ನಾನು ಫೋನನ್ನು ಕೈಯಿಂದ ಮುಚ್ಚಿ, "ಅಪ್ಪಾ, ವಡೆಗೇ ನಿಲ್ಲಿಸಿಬಿಡಿ, ಕೆಮ್ಮಿ" ಎಂದು ಪಿಸುಗುಟ್ಟಿದೆ. ಅಪ್ಪ ತಲೆಯಾಡಿಸಿದರು. ಸ್ಪೀಕರಿನಲ್ಲಿ ಮಾಮನ ದನಿ ಬಂತು. ಇಷ್ಟು ವರ್ಷ ಅಪ್ಪ ಕೇಳಿದ್ದನ್ನು ಈಗ ಅವರು ಕೇಳುತ್ತಿದ್ದರು. "ಏನುಂಟು ಇವತ್ತು?"

ಅಪ್ಪ ಇಡ್ಲಿ ಎಂದರು, ವಡೆ ಎಂದರು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಆ ಪಟ್ಟಿಗೆ ಅವಮಾನ ಎಂಬಂತೆ ಇಡ್ಲಿವಡೆ, ಉಪ್ಪಿಟ್ಟು, ಶಿರಾ ಎಲ್ಲ ದಾಟಿ, ಮುಖ ಕೆಂಪಗಾದರೂ ಬಿಡದೆ, "ಗೋಳಿಬಜೆ ನಾಲ್ಕು ಗಂಟೆಗೆ" ಎಂದು ಮುಗಿಸಿಯೇ ಉಸಿರು ತೆಗೆದುಕೊಂಡರು. ನಾನು ಹಣೆ ಚಚ್ಚಿಕೊಂಡೆ.

"ಮಾರಾಯ್ರೆ, ನೀವು ನಾಳೆಯಿಂದಲೇ ಡ್ಯೂಟಿಗೆ ಬರಬಹುದು" ಎಂದು ಆ ಕಡೆಯಿಂದ ನಗು. ಮರುಕ್ಷಣ ದನಿ ಇಳಿಯಿತು. "ಮಗಾ, ಮಷೀನು ಒರೆಸಿಡು. ನಾನು ಬರ್ತಿದ್ದೇನೆ."

ಎರಡು ಸ್ಟೇಷನ್ ಆಚೆಯ ದಿವಾದಲ್ಲಿ ಒಬ್ಬಳು ಹೆಂಗಸು. ಗಂಡ ಭಿವಂಡಿಯ ಗೋದಾಮಿನಲ್ಲಿ ಲೋಡಿಂಗ್ ಕೆಲಸದವನು, ಕಲಬುರಗಿ ಕಡೆಯವನು. "ಅಣ್ಣಾರ, ನಮ್ಮಾಕಿಗಿ ಮಾತಾಡ್ಲಾಕೂ ಬರವಲ್ದರಿ, ಏನರೆ ಮಾಡ್ರಿ" ಎಂದು ಬೆಳಗಿನಿಂದ ಫೋನಿನಲ್ಲಿ ಅಳುತ್ತಿದ್ದನಂತೆ. ಆ ಹೆಂಗಸಿಗೆ ನಮ್ಮ ತಿಂಡಿಪಟ್ಟಿ ಎಲ್ಲಿ ಗೊತ್ತು? ಊರಿನಿಂದ ಇಲ್ಲಿಗೆ ಬರುವಾಗಿನ ಸ್ಟೇಷನ್ನುಗಳನ್ನು ಹೇಳು ತಾಯಿ ಎಂದಿದ್ದರು ಮಾಮ. "ಕಲಬುರಗಿ ಬಿಟ್ಟವಳು ಗಾಣಗಾಪುರ ಮುಟ್ಟಲಿಲ್ಲ ಮಗಾ" ಎಂದು ನಮ್ಮ ಬಾಗಿಲಲ್ಲಿ ನಿಂತು ಹೇಳಿದರು.

ನಾನು ಮಷೀನಿನ ಮುಂದೆ ಅಡ್ಡ ನಿಂತೆ. ಹೇಳಬಾರದ್ದನ್ನೆಲ್ಲ ಹೇಳಿದೆ. "ಅವರು ನಮ್ಮ ಸಂಘದವರೇ ಅಲ್ಲವಲ್ಲ ಮಾಮ!" ಎಂದದ್ದೂ ನಾನೇ. ಇವತ್ತಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

"ಹೋಟೆಲಿಗೆ ಬರುವವರೆಲ್ಲ ಸಂಘದವರಾ?"

"ನಾಳೆ ಅಪ್ಪನಿಗೆ ಮತ್ತೆ ಇಳಿದರೆ?"

"ಇಳಿದರೆ ಇಳಿಯಬಹುದು. ಇಳಿಯುವುದಿಲ್ಲ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ."

"ಒಳಗೆ ಬಂದು ಅಪ್ಪನ ಮುಖವನ್ನಾದರೂ ನೋಡಿ ತಗೊಂಡು ಹೋಗಿ."

ಅವರು ಹೊಸ್ತಿಲ ಹೊರಗೇ, ಅಪ್ಪನ ಕೋಣೆಗೆ ಬೆನ್ನು ಹಾಕಿ ನಿಂತಿದ್ದರು. "ಅದೊಂದು ಮಾತ್ರ ಹೇಳಬೇಡ ಮಾರಾಯ್ತಿ" ಎಂದರು. "ಮುಖ ನೋಡಿದರೆ ನನ್ನಿಂದ ಆಗುದಿಲ್ಲ. ಅದಕ್ಕೇ ಎಲ್ಲರನ್ನೂ ಫೋನಿನಲ್ಲಿ ಕೇಳುದು."

ಜೀವಮಾನವಿಡೀ ಮುಖ ನೋಡಿಯೇ ತೀರ್ಮಾನ ಮಾಡಿದವರ ಮಾತು ಅದು. ಒಳಗಿನಿಂದ ಅಪ್ಪ, "ಕುರ್ಚಿ ಬಿಡು ಮಗಳೇ, ಬೇರೆಯವರು ಕಾಯ್ತಿದ್ದಾರೆ" ಎಂದರು. ನಾನು ಸರಿದೆ. ಮಾಮ ಮಷೀನನ್ನು ಮಗುವಿನ ಹಾಗೆ ಎಡಗೈ ಮೇಲೆ ಆನಿಸಿಕೊಂಡು ಮೆಟ್ಟಿಲಿಳಿದರು.

ಮರುದಿನ ಬೆಳಿಗ್ಗೆ ಅಪ್ಪನಿಗೆ ಇಳಿದೇ ಇಳಿಯಿತು. ಎಂಬತ್ತೈದು. ಈ ಸಲ ಸುಳ್ಳಲ್ಲ. ಎರಡೂ ಮಷೀನು ಬೇರೆಯವರ ಹತ್ತಿರ. ಅಪ್ಪನನ್ನು ಬೋರಲು ಮಲಗಿಸಿ, ಕಿಟಕಿಗಳನ್ನೆಲ್ಲ ತೆರೆದು ಕೂತೆ. ಗಂಟೆಗೊಮ್ಮೆ ಮಾಮನ ಫೋನ್. ಹನ್ನೊಂದಕ್ಕೆ ಅಪ್ಪ ಉಪ್ಪಿಟ್ಟಿನವರೆಗೆ ಹೋದರು. ಒಂದು ಗಂಟೆಗೆ ವಡೆಯವರೆಗೆ. ಎರಡಕ್ಕೆ ನಾನು ಫೋನ್ ಎತ್ತಿ ಅಪ್ಪನ ಬಾಯಿಯ ಹತ್ತಿರ ಹಿಡಿದೆ, ಉಸಿರಿನ ಸದ್ದು ಕೇಳಲಿ ಎಂದು. ನಾಲ್ಕರ ಹೊತ್ತಿಗೆ ಉಲ್ಹಾಸನಗರದ ಒಂದು ಮನೆಯಿಂದ ಇನ್ನೊಂದು ಮಷೀನು ಬಿಡುವಾಯಿತೆಂದು ಮಾಮ ತಂದರು. ಹೇಗೆ ಬಿಡುವಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಕಣ್ಣು ನೋಡಿದರೆ ಗೊತ್ತಾಗುವಂತಿತ್ತು.

ಅಪ್ಪ ಉಳಿದರು. ಮತ್ತೆರಡು ವರ್ಷ ಕೆಮ್ಮುತ್ತ, ಬೈಯುತ್ತ, ಪೇಪರ್ ಓದುತ್ತ ಇದ್ದರು. ಆದರೂ ಹೋಟೆಲು ತೆರೆದ ಮೇಲೆ ಎಷ್ಟೋ ತಿಂಗಳು ನಾನು ಆ ಬಾಗಿಲಿಗೆ ಹೋಗಲಿಲ್ಲ. ಆ ಐದಾರು ಗಂಟೆಗಳನ್ನು ನಾನು ಮಾಮನ ತಲೆಗೇ ಕಟ್ಟಿದ್ದೆ. ಒಂದು ಭಾನುವಾರ ಅಪ್ಪ ಬಲವಂತವಾಗಿ ಕರೆದುಕೊಂಡು ಹೋದರು. ಮೂಲೆಯ ಟೇಬಲ್ಲಿನಲ್ಲಿ ಆಗಲೇ ಗಂಡ ಹೆಂಡತಿ ಕೂತಿದ್ದರು. ಮಾಮ ನಮ್ಮನ್ನು ಅವರ ಎದುರಿಗೇ ಕೂರಿಸಿದರು. ಆ ಹೆಂಗಸು ಬಟ್ಟೆಗಂಟು ಬಿಚ್ಚಿ ಮಾಮನಿಗೆಂದು ತಂದ ಜೋಳದ ರೊಟ್ಟಿ ತೆಗೆದಳು. ಅಪ್ಪ ಕೆಮ್ಮಿದ್ದು ಕೇಳಿ, "ನಿಮಗೂ ಆಗಿತ್ತೇನ್ರಿ ಯಜಮಾನ್ರ?" ಎಂದಳು.

"ಸ್ವಲ್ಪ ಆಗಿತ್ತಮ್ಮ" ಎಂದರು ಅಪ್ಪ.

"ನನಗ ಭಾಳ ಆಗಿತ್ರಿ" ಎಂದು ನಕ್ಕಳು. ನನ್ನ ಸಿಟ್ಟನ್ನೆಲ್ಲ ಅವತ್ತು ಆ ಟೇಬಲ್ಲಿನಲ್ಲೇ ಬಿಟ್ಟು ಬಂದೆ ಎಂದರೆ ಸುಳ್ಳಾಗುತ್ತದೆ. ಅರ್ಧ ಬಿಟ್ಟು ಬಂದೆ.

ಉಳಿದರ್ಧ ಹೋದದ್ದು ಕಳೆದ ವರ್ಷ, ಠಾಣೆಯ ಆಸ್ಪತ್ರೆಯಲ್ಲಿ. ಅಡುಗೆಮನೆಯ ಹೊಗೆಯೋ ವಯಸ್ಸೋ, ಮಾಮನ ಶ್ವಾಸಕೋಶ ಸೋತಿತ್ತು. ಈಗ ಬೆಡ್ಡಿಗೂ ಕೊರತೆಯಿಲ್ಲ, ಆಕ್ಸಿಜನ್ನಿಗೂ ಇಲ್ಲ. ತಲೆಯ ಹಿಂದೆ ಗೋಡೆಯಿಂದಲೇ ನಳಿಗೆ ಬರುತ್ತಿತ್ತು. ಮರಾಠಿ ನರ್ಸ್ ಮಾಮನ ಎಡ ಮುಂಗೈಯ ಅಂಟುಪಟ್ಟಿ ಕಿತ್ತು ಹೊಸದು ಅಂಟಿಸುತ್ತ, "ಕೂದಲೇ ಇಲ್ಲ, ಆಜೋಬಾಂಗೆ... ಅಜ್ಜಂಗೆ ನೋವೇ ಆಗಲ್ಲ" ಎಂದು ತನ್ನ ಹರಕು ಕನ್ನಡದಲ್ಲಿ ಮೆಚ್ಚಿಕೊಂಡಳು.

"ಮಾಮ, ಅವತ್ತು ನಾನು ಎಂಬತ್ತಾರು ಅಂತ ಸುಳ್ಳು ಹೇಳಿದ್ದೆ" ಎಂದೆ. ಇಷ್ಟು ವರ್ಷ ಹೊತ್ತದ್ದು ಅಷ್ಟೇ ಮಾತಿನಲ್ಲಿ ಮುಗಿಯಿತು.

"ಎಲ್ಲರ ಮನೆಯಲ್ಲೂ ಎಂಬತ್ತಾರೇ ಇತ್ತು ಮಗಾ." ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. "ನನ್ನ ಅಪ್ಪ ಆಗಿದ್ದರೆ... ನಾನು ಎಂಬತ್ತೇ ಹೇಳ್ತಿದ್ದೆ."

ನಗು ಬಂತು, ಅಳುವೂ ಬಂತು. ಅಪ್ಪ ಕೇಳುತ್ತಿದ್ದುದನ್ನೇ ಕೇಳಿಬಿಟ್ಟೆ. "ಏನುಂಟು ಮಾಮ ಇವತ್ತು?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದು ಈಗ ಯಾವ ಪ್ರಶ್ನೆಯಾಗಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವರು ದಿಂಬಿನಿಂದ ತಲೆ ತುಸು ಎತ್ತಿದರು, ಹಳೆಯ ಠೀವಿಯಲ್ಲೇ.

"ಇಡ್ಲಿ... ವಡೆ..."

ಅಲ್ಲಿಗೆ ನಿಂತರು. ನಾನು ಕಾದೆ. ನನ್ನ ಮುಖವನ್ನು ಅವರು ತುಂಬ ಹೊತ್ತು ನೋಡಿದರು, ಹೋಟೆಲಿನ ಬಾಗಿಲಲ್ಲಿ ನಿಂತು ಸಾಲನ್ನು ನೋಡುತ್ತಿದ್ದ ಹಾಗೆ. ಆಮೇಲೆ ನುಣುಪಾದ ಆ ಕೈಯನ್ನು ನನ್ನ ಕೈ ಮೇಲೆ ಇಟ್ಟು ಹೇಳಿದರು:

"ಮುಂದಿನದ್ದೆಲ್ಲ ಖಾಲಿ ಮಗಾ. ಇದ್ದದ್ದರಲ್ಲಿ ತಗೋ."